ಅರಬ್ಬಿ ಮೇಷ್ಟ್ರ ಮನೆಯವರು

ಬನಶಂಕರಮ್ಮನವರ ಬಗ್ಗೆ ಬರೆಯಲು ನನಗಿರುವ ಅರ್ಹತೆ ಇಷ್ಟೇ: ಹಿಂದೂಪುರದ ಅವರ ಮನೆಯಲ್ಲಿ ಹನ್ನೊಂದು ತಿಂಗಳು ಉಂಡಿದ್ದೇನೆ, ಅವರಿಂದ ಒಂದು ಭಾಷೆ ಕಲಿತಿದ್ದೇನೆ, ಆಮೇಲೆ ಅವರು ನನಗೆ ಏನೂ ಕಲಿಸಿಲ್ಲವೆಂದು ಹೆತ್ತ ತಾಯಿಯ ಮುಂದೆ ನಾಟಕ ಆಡಿದ್ದೇನೆ. ಮೂರನೆಯದನ್ನು ಬಿಟ್ಟು ಬರೆಯಬಹುದಿತ್ತು. ಹಾಗೆ ಬರೆದು ನೋಡಿದೆ ಕೂಡ. ಓದಿದರೆ ಬಾಡಿಗೆದಾರನೊಬ್ಬ ಮನೆ ಖಾಲಿ ಮಾಡುವಾಗ ಬರೆದುಕೊಟ್ಟ ಪ್ರಶಂಸಾಪತ್ರದ ಹಾಗಿತ್ತು.

ನಾನು ಚಂದ್ರಮೋಹನ್. ಇಲ್ಲಿಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ಗಲ್ಫ್ ದೇಶಗಳಿಗೆ ಹೋಗುವ ಪೆಟ್ಟಿಗೆಗಳ ಮೇಲೆ ಅರಬ್ಬಿ ಚೀಟಿ ಅಂಟಿಸುತ್ತೇನೆ. ನಾಲ್ಕು ವರ್ಷ ಅಂಟಿಸಿದ ಮೇಲೆ ನನಗೊಂದು ಜ್ಞಾನೋದಯವಾಯಿತು. ಚೀಟಿ ಅಂಟಿಸುವವನು ಶೆಡ್ಡಿನಲ್ಲಿ ನಿಲ್ಲುತ್ತಾನೆ, ಅದನ್ನು ಓದಬಲ್ಲವನು ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂರುತ್ತಾನೆ. ಭಾಷೆಯ ಮೇಲಿನ ಪ್ರೀತಿ ನನ್ನಲ್ಲಿ ಹುಟ್ಟಿದ್ದು ಹೀಗೆ, ಫ್ಯಾನಿನ ಗಾಳಿಯಿಂದ.

ಓಮನ್ ದೇಶದ ಒಂದು ಭಾಷಾಶಾಲೆ ಹೊರದೇಶದವರಿಗೆ ಒಂದು ವರ್ಷ ಅರಬ್ಬಿ ಕಲಿಸುತ್ತದೆ, ಇರಲು ಜಾಗ ಮತ್ತು ಊಟವನ್ನು ಅವರೇ ಕೊಡುತ್ತಾರೆ ಎಂದು ಫೋನಿನಲ್ಲಿ ಓದಿದೆ. ಷರತ್ತು ಎರಡು. ಓದಲು, ಮಾತನಾಡಲು ತಕ್ಕಮಟ್ಟಿಗೆ ಬರಬೇಕು. ಕಲಿಸಿದವರು ಸಹಿ ಮಾಡಿದ ಒಂದು ಪತ್ರ ಕಳಿಸಬೇಕು, ಶಾಲೆಯವರು ಕೇಳಿದಾಗ ಅವರು ವಿಡಿಯೋ ಕರೆಗೆ ಬಂದು ಹತ್ತು ನಿಮಿಷ ಮಾತನಾಡಬೇಕು. ಫೆಬ್ರವರಿ ಇಪ್ಪತ್ತು ಕೊನೆಯ ದಿನ. ಆ ಪತ್ರ ಇಲ್ಲದಿದ್ದರೆ ಸೀಟಿಲ್ಲ.

ಕಲಿಸಿದವರು ಅಂತ ಆಗ ನನಗಿದ್ದದ್ದು ಫೋನಿನೊಳಗಿನ ಒಂದು ಆ್ಯಪ್. ಮೂರು ತಿಂಗಳು ಅದರ ಶಿಷ್ಯತ್ವ ಮಾಡಿ 'ಒಂಟೆ ದೊಡ್ಡದು', 'ನನ್ನ ಚಿಕ್ಕಪ್ಪ ಇಂಜಿನಿಯರು' ಎಂಬ ಎರಡು ವಾಕ್ಯಗಳನ್ನು ತೊದಲದೆ ಹೇಳುತ್ತಿದ್ದೆ. ನಮ್ಮ ಕಂಬದೂರಿನ ಕಡೆ ಒಂಟೆಯೂ ಇಲ್ಲ, ನನ್ನ ಚಿಕ್ಕಪ್ಪ ಕುರಿ ಸಾಕುತ್ತಾನೆ.

ಆಗ ನಾನಿದ್ದದ್ದು ನೇಕಾರ ವೆಂಕಟರಾಮಪ್ಪನವರ ಮನೆಯ ಮಹಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಒಂದು ಬೆಳಿಗ್ಗೆ ಜೋರಾಗಿ ಒಂಟೆಯ ಪಾಠ ಒಪ್ಪಿಸುತ್ತಿದ್ದಾಗ ಕೆಳಗಿನ ಅಂಗಳದಿಂದ ಅದೇ ವಾಕ್ಯ ಮೇಲಕ್ಕೆ ಬಂತು. ಆದರೆ ಅದು ನೀರು ಹರಿದ ಹಾಗೆ ಬಂತು. ಬಗ್ಗಿ ನೋಡಿದರೆ ಮನೆಯ ಯಜಮಾನಿ ಬನಶಂಕರಮ್ಮ, ಬಟ್ಟೆ ಒಗೆಯುವ ಕಲ್ಲಿನ ಮುಂದೆ, ಕೈಯಲ್ಲಿ ಸೋಪು.

"ಯಾರ್ನಪ್ಪ ಹಂಗೆ ಕತ್ತು ಹಿಸುಕ್ತಿರೋದು? ಒಂಟೆನೋ, ಭಾಷೆನೋ?"

"ನಿಮಗ್ ಬತ್ತದಾ ಅಕ್ಕಾ?"

"ಒಂಬತ್ತು ವರ್ಷ ಅದೇ ಭಾಷೆಯಾಗೆ ಬೈಸ್ಕೊಂಡಿವ್ನಿ. ಬರ್ದೆ ಇದ್ದಾತಾ?"

ಬನಶಂಕರಮ್ಮ ಬ್ರಹ್ಮಸಮುದ್ರದ ಕಡೆಯ ನೇಕಾರರ ಮಗಳು. ಮದುವೆಯಾಗಿ ಹಿಂದೂಪುರಕ್ಕೆ ಬಂದರು. ಮಗಳು ಬನಶ್ರೀಗೆ ನಾಲ್ಕು ವರ್ಷವಾಗಿದ್ದಾಗ ಮಗ್ಗಕ್ಕೆ ಕೆಲಸ ಕಡಿಮೆಯಾಯಿತು. ಆಗ ಮಗುವನ್ನು ಅತ್ತೆಯ ಬಳಿ ಬಿಟ್ಟು ಕುವೈತಿಗೆ ಅಡುಗೆ ಕೆಲಸಕ್ಕೆ ಹೋದರು. ಹನ್ನೊಂದು ಜನರ ಮನೆ. ಆ ಮನೆಯ ಕಿರಿಯ ಮಗಳನ್ನು ಶಾಲೆಗೆ ಸೇರಿಸಿದಾಗ ಅವಳನ್ನು ಹೋಂವರ್ಕಿಗೆ ಕೂರಿಸುವುದೂ ಅಡುಗೆಯವಳ ಪಾಲಿಗೆ ಬಂತು. ಆ ಹುಡುಗಿಯ ಜೊತೆ ಕೂತು ಇವರೂ ಅಕ್ಷರ ತಿದ್ದಿದರು. ಅವಳು ನಾಲ್ಕನೆಯ ತರಗತಿ ಪಾಸಾದಳು, ಇವರೂ ಪಾಸಾದರು. ಇವರಿಗೆ ಮಾರ್ಕ್ಸ್ ಕಾರ್ಡು ಕೊಡುವವರು ಯಾರೂ ಇರಲಿಲ್ಲ. ಊರಿಗೆ ವಾಪಸು ಬಂದಾಗ ಬನಶ್ರೀಗೆ ಹದಿಮೂರು, ತಾಯಿಯನ್ನು ನೆಂಟರನ್ನು ನೋಡುವ ಹಾಗೆ ನೋಡಿದಳಂತೆ. ಈಗ ಅವಳು ಡಿಗ್ರಿ ಎರಡನೆಯ ವರ್ಷ, ತಾಯಿಯ ಬಲಗೈ.

ಕಲಿಸಿಕೊಡಿ ಎಂದು ನಾನು ಕೇಳಿದಾಗ ಅಕ್ಕ ನಕ್ಕರು. "ಪಾಠ ಹೇಳಾಕೆ ನಂಗೆ ಬರಾಕಿಲ್ಲ ಕಣಪ್ಪ. ಕೆಲ್ಸ ಹೇಳಾಕೆ ಬತ್ತದೆ. ನಾನು ಕಲ್ತಿದ್ದೂ ಹಂಗೇ. ಬೇಕಾದ್ರೆ ಮಹಡಿ ಬಿಟ್ಟು ಕೆಳ್ಗಡೆ ಬಾ. ನಮ್ ಜೊತೆ ಉಣ್ಣು, ನಮ್ ಜೊತೆ ಇರು."

ಹೀಗೆ ಬಾಡಿಗೆದಾರನಾಗಿದ್ದವನು ಮನೆಯವನಾದೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಅಕ್ಕನ ಬಾಯಿಂದ ಕನ್ನಡವೂ ಇಲ್ಲ, ತೆಲುಗೂ ಇಲ್ಲ. ಬೆಳ್ಳುಳ್ಳಿ ಸುಲಿ, ನೀರು ತಾ, ಅದಲ್ಲ ಇದು, ಮಗ್ಗದ ಕಂಡಿಕೆಗೆ ನೂಲು ಸುತ್ತು, ನಿಧಾನ, ಎಳೆ ಕಡಿಯಿತು ನೋಡು: ಎಲ್ಲವೂ ಅರಬ್ಬಿಯಲ್ಲಿ. ತಪ್ಪು ಮಾಡಿದರೆ ಬೈಗುಳವೂ ಅರಬ್ಬಿಯಲ್ಲೇ, ಅದರ ಅರ್ಥ ಮಾತ್ರ ಕೊನೆಯವರೆಗೂ ಹೇಳಲಿಲ್ಲ. ಊರಿನಲ್ಲಿ ಉಂಡ ತಟ್ಟೆಯನ್ನು ಎತ್ತಿಟ್ಟವನಲ್ಲ ನಾನು. ಇಲ್ಲಿ ಮೂರನೆಯ ತಿಂಗಳಿಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಮುಂದಿನ ಕೋಣೆಯ ಮಗ್ಗದಿಂದ ವೆಂಕಟರಾಮಪ್ಪ, "ಏಮೇ, ಇವನು ಓಮನ್‌ಗೆ ಓದಾಕೆ ಹೋಯ್ತಾನೋ, ಅಡ್ಗೆಗೆ ಹೋಯ್ತಾನೋ?" ಎಂದು ಕೂಗುತ್ತಿದ್ದರು. ಸಂಜೆ ಫ್ಯಾಕ್ಟರಿಯಿಂದ ಬಂದ ಮೇಲೆ ಒಂದು ಗಂಟೆ ಓದು. ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಕಿವಿಯೊಂದನ್ನೇ ನನಗೆ ಕೊಟ್ಟು ಕೇಳುತ್ತಿದ್ದರು.

ಜನವರಿಯಲ್ಲಿ ಒಂದು ದಿನ ಅವರೇ ಕೇಳಿದರು, "ಆ ಕಾಗ್ದದಾಗೆ ಕಲ್ಸಿದೋರು ಅಂತ ನನ್ನೆಸ್ರು ಬರೀತೀಯಾ?"

"ಇನ್ಯಾರ್ ಹೆಸ್ರು ಬರೀಲಿ ಅಕ್ಕಾ?"

"ಅಲ್ಲ, ಕೇಳ್ದೆ. ನನ್ನೆಸ್ರು ಇರೋ ಕಾಗ್ದ ಅಂತ ಇರೋದು ರೇಷನ್ ಕಾರ್ಡು, ಪಾಸ್‌ಪೋರ್ಟು ಎರಡೇ."

ಮರುದಿನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರು ಅರಬ್ಬಿಯಲ್ಲಿ ಸಹಿ ಅಭ್ಯಾಸ ಮಾಡುತ್ತಿದ್ದರು. ನಾನು ನೋಡಿದ್ದು ಕಂಡು ಕ್ಯಾಲೆಂಡರನ್ನು ಮಗುಚಿ, ಅದರ ಮೇಲೆ ಅಕ್ಕಿ ಆರಿಸಲು ಕೂತರು.

ಇಲ್ಲಿಗೆ ನನ್ನ ಮರ್ಯಾದೆಯ ಕಥೆ ಮುಗಿಯಿತು.

ನಮ್ಮ ಅಪ್ಪ ಬೈಲಪ್ಪ ಕಂಬದೂರಿಗೂ ಕಲ್ಯಾಣದುರ್ಗಕ್ಕೂ ಆಟೋ ಓಡಿಸುತ್ತಾನೆ. ಅದಕ್ಕೇ ಈಗ ಮನೆ ಕಲ್ಯಾಣದುರ್ಗದಲ್ಲಿ. ಮೊದಲು ಊರಿನಲ್ಲಿದ್ದಾಗ ಪಕ್ಕದ ಬೀದಿಯ ಕೃಷ್ಣವೇಣಿ ಕುವೈತಿಗೆ ಹೋಗಿ ಬಂದಿದ್ದಳು. ಬಂದ ವರ್ಷ ಅವಳ ಮನೆಗೆ ಅರಿಶಿನ ಕುಂಕುಮಕ್ಕೆ ಯಾರೂ ಹೋಗಲಿಲ್ಲ. ಅಲ್ಲಿ ಏನು ಮಾಡಿದಳೋ, ಯಾರು ಕಂಡರು, ಎಂದು ನಲ್ಲಿಯ ಹತ್ತಿರ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ನಮ್ಮಮ್ಮ ಶಿವಲಕ್ಷ್ಮಮ್ಮ. ಪಕ್ಕದಲ್ಲಿ ಕೊಡ ಹಿಡಿದು ನಿಂತು ನಕ್ಕವನು ನಾನು. ಆಗ ನನಗೆ ಹತ್ತೊಂಬತ್ತು, ಮಗು ಅಂತ ಹೇಳಿ ತಪ್ಪಿಸಿಕೊಳ್ಳುವ ವಯಸ್ಸಲ್ಲ.

ಹಾಗಾಗಿ ಅರಬ್ಬಿ ಯಾರು ಕಲಿಸುತ್ತಾರೆ ಎಂದು ಅಮ್ಮ ಫೋನಿನಲ್ಲಿ ಕೇಳಿದ ಮೊದಲನೆಯ ದಿನವೇ ನನ್ನ ಬಾಯಿ ತಾನಾಗಿ, "ಒಬ್ರು ಮೇಷ್ಟ್ರು ಕಣಮ್ಮ, ವೆಂಕಟರಾಮಪ್ಪ ಅಂತ, ಅವ್ರ ಮನ್ಯಾಗೇ ಇವ್ನಿ" ಅಂದುಬಿಟ್ಟಿತು. ಹೆಸರು ನಿಜ, ಮನೆ ನಿಜ. ಒಳ್ಳೆಯ ಸುಳ್ಳಿಗೆ ಇನ್ನೇನು ಬೇಕು?

ಫೆಬ್ರವರಿಯ ಎರಡನೆಯ ಗುರುವಾರ ನನಗೆ ವಾರದ ರಜೆ. ಬೆಳಿಗ್ಗೆ ಒಂಬತ್ತಕ್ಕೆ ಅಮ್ಮನ ಫೋನು.

"ಮೋಹನಾ, ಮಡಕಶಿರಾ ಬಸ್ ಸ್ಟ್ಯಾಂಡ್‌ನಾಗಿವ್ನಿ ಕಣ್ಲಾ. ಮೇಷ್ಟ್ರಿಗೆ ಪಂಚೆ ಶಲ್ಯ ತಂದಿವ್ನಿ. ಗುರುವಾರ ಅಲ್ವಾ, ನೀನು ಕಾಗ್ದ ಕಳ್ಸೋಕ್ ಮುಂಚೆ ಗುರುಗಳಿಗೆ ಒಪ್ಪಿಸ್ಬುಟ್ಟು ಬತ್ತೀನಿ."

ಮಡಕಶಿರದಿಂದ ಹಿಂದೂಪುರಕ್ಕೆ ಬಸ್ಸು ಬರುವಷ್ಟು ಹೊತ್ತು ನನಗೆ ಸಮಯವಿತ್ತು. ಅಷ್ಟರಲ್ಲಿ ನಿಜ ಹೇಳುವುದು ಎರಡು ನಿಮಿಷದ ಕೆಲಸ. ನಾನು ಮಗ್ಗದ ಹತ್ತಿರ ಹೋಗಿ, "ಅಣ್ಣಾ, ಒಂದರ್ಧ ಗಂಟೆ ನೀವು ಅರಬ್ಬಿ ಮೇಷ್ಟ್ರಾಗ್ಬೇಕು" ಅಂದೆ.

ವೆಂಕಟರಾಮಪ್ಪ ಲಾಳಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. "ನಿಂಗೇನಾರ ತಲೆ ಕೆಟ್ಟದಾ? ಲಾಳಿ ಬಿಟ್ರೆ ನಾನು ಇನ್ನೇನೂ ಹಿಡಿದೋನಲ್ಲ."

"ನಮ್ಮಮ್ಮ ಹಳೇ ಕಾಲದೋಳು. ಕುವೈತು ಅಂದ್ರೆ..." ಎಂದು ಶುರು ಮಾಡಿದವನು, ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿರುವುದನ್ನು ಕಂಡು ನಿಲ್ಲಿಸಿದೆ. ನಿಲ್ಲಿಸಿದ್ದರಿಂದಲೇ ಪೂರ್ತಿ ಹೇಳಿದಂತಾಯಿತು.

ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಕಪಾಟು ತೆರೆದು ಬಿಳಿ ಅಂಗಿ ತೆಗೆದು ಗಂಡನ ಕೈಗೆ ಕೊಟ್ಟರು. "ಏಳು, ಹಾಕ್ಕೋ. ಕನ್ನಡ್ಕ ಹಾಕ್ಕೊಂಡ್ ಕುಂತ್ಕೋ, ಓದ್ದೋನ ಥರ ಕಾಣ್ತೀಯಾ." ಆಮೇಲೆ ನನ್ನ ಕಡೆ ನೋಡದೆ, "ಅಲ್ಲೂ ಹಿಂಗೇ ಕಣಪ್ಪ. ನೆಂಟ್ರು ಬಂದಾಗ ಅಡ್ಗೆ ಮಾಡ್ದೋಳು ಮೇಡಮ್ಮು, ತಟ್ಟೆ ಎತ್ತೋಳು ನಾನು. ರೂಢಿ ಐತೆ" ಅಂದರು.

ಬನಶ್ರೀ ಕಾಲೇಜಿನ ಬ್ಯಾಗು ಹೆಗಲಿಗೇರಿಸಿಕೊಂಡು ನನ್ನ ಎದುರಿಗೆ ನಿಂತಳು. "ಮೋಹನಣ್ಣ, ನಮ್ಮಪ್ಪ ಯಾವ್ ಯೂನಿವರ್ಸಿಟಿನಾಗೆ ಓದಿದ್ದು? ಯಾರಾದ್ರೂ ಕೇಳಿದ್ರೆ ಹೇಳಾಕೆ ಬೇಕು" ಅಂದು, ಉತ್ತರಕ್ಕೆ ಕಾಯದೆ ಹೊರಟುಹೋದಳು.

ಅಮ್ಮ ಬಂದಳು. ಪಂಚೆ, ಶಲ್ಯ, ತೆಂಗಿನಕಾಯಿ, ಬಾಳೆಹಣ್ಣು, ಎಲೆಅಡಿಕೆ ಎಲ್ಲವನ್ನೂ ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿ ವೆಂಕಟರಾಮಪ್ಪನವರ ಕೈಗಿಟ್ಟು, "ಬೀಳ್ಲಾ ಕಾಲಿಗೆ" ಎಂದು ನನ್ನ ಬೆನ್ನು ತಳ್ಳಿದಳು. ಬಿದ್ದೆ. ಗುರುಗಳು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ಮಗ್ಗದ ಗುಂಡಿಯೊಳಗೆ ಬೀಳುವುದರಲ್ಲಿದ್ದರು.

"ಸ್ವಾಮೀ, ನಮ್ಗೆ ಕೇಳೋ ಪುಣ್ಯ ಇಲ್ಲ. ಒಂದ್ ಮಾತು ಅರಬ್ಬೀನಾಗೆ ಹೇಳಿ" ಅಂದಳು ಅಮ್ಮ.

ವೆಂಕಟರಾಮಪ್ಪ ಕನ್ನಡಕ ಸರಿಮಾಡಿಕೊಂಡರು, ಹೆಂಡತಿಯ ಕಡೆ ನೋಡಿದರು, ಆಮೇಲೆ ನೆಲ ನೋಡುತ್ತಾ, "ಬಾಚಿರ್" ಅಂದರು.

"ಹಂಗಂದ್ರೆ?"

"ನಾಳೆ ಅಂತ."

ಈ ಪದ ಅವರಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು, ಅಕ್ಕನೇ ಒಮ್ಮೆ ಹೇಳಿದ್ದರು. ಒಂಬತ್ತು ವರ್ಷ ಈ ಮನುಷ್ಯ ಫೋನಿನಲ್ಲಿ, ಊರಿಗೆ ಯಾವಾಗ ಬರುತ್ತೀ, ಎಂದು ಕೇಳಿದಾಗೆಲ್ಲ ಅಕ್ಕ ಹೇಳುತ್ತಿದ್ದದ್ದು, ಮೇಡಂನ ಕೇಳಿದೆ, ಬಾಚಿರ್ ಅಂದರು, ಎಂದು. ಅವರಿಗೆ ಬರುವ ಅರಬ್ಬಿ ಅದೊಂದೇ.

ಅಮ್ಮನಿಗೆ ಅಷ್ಟೇ ಸಾಕಾಯಿತು, ಕೈಮುಗಿದಳು. ಅಕ್ಕ ಕಾಫಿ ತಂದರು. ಅಮ್ಮ ಅವರನ್ನು ಕೂರಿಸಿ ಮಡಿಲಿಗೆ ಅಕ್ಕಿ, ಬೆಲ್ಲ, ರವಿಕೆ ಬಟ್ಟೆ ಹಾಕಿದಳು. "ನೀವು ಪುಣ್ಯವಂತ್ರು ಕಣಮ್ಮ, ಇಂಥಾ ಓದಿರೋ ಗಂಡ. ನಿಮಗೂ ಒಂದೆಲ್ಡು ಮಾತು ಬರ್ಬೇಕಲ್ಲ?"

"ನಂಗೆಲ್ಲಿ ಬತ್ತದೆ ತಾಯಿ. ನಾನು ಒಲೆ ಮುಂದಿನೋಳು" ಅಂದರು ಅಕ್ಕ, ಮತ್ತು ದೊಡ್ಡವರು ಎಂದು ಅಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದರು.

ನಾನು ಅಲ್ಲೇ ಇದ್ದೆ. ಗೋಡೆಗೆ ಒರಗಿಕೊಂಡು ಕಾಫಿ ಕುಡಿಯುತ್ತಿದ್ದೆ. ಸಕ್ಕರೆ ಸರಿಯಾಗಿತ್ತು ಎನ್ನುವುದು ಕೂಡ ನೆನಪಿದೆ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಅಡುಗೆಮನೆಗೆ ಹೋದರೆ ಅಕ್ಕ ಅಚ್ಚ ಕನ್ನಡದಲ್ಲಿ, "ಬೆಳ್ಳುಳ್ಳಿ ಮುಟ್ಬೇಡಪ್ಪ, ನೀನು ಓದೋನು. ನಿಮ್ ಮೇಷ್ಟ್ರು ಮಗ್ಗದ ತಾವ ಅವ್ರೆ, ಹೋಗಿ ಪಾಠ ಹೇಳಿಸ್ಕೋ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮಧ್ಯಾಹ್ನಕ್ಕೆ ಬುತ್ತಿ ಎಂದಿನಂತೆ ಕಟ್ಟಿಟ್ಟಿದ್ದರು. ಅರಬ್ಬಿ ಮಾತ್ರ ಆ ಮನೆಯಿಂದ ಹೊರಟುಹೋಗಿತ್ತು. ಸಹಿಗಾಗಿ ಪತ್ರವನ್ನು ಅವರ ಮುಂದಿಟ್ಟೆ. "ಮೇಷ್ಟ್ರ ಕೈಲಿ ಹಾಕಿಸ್ಕೋ" ಎಂದು ಎದ್ದುಹೋದರು.

ಆ ದಿನ ನನ್ನ ಆತ್ಮಸಾಕ್ಷಿ ಎಚ್ಚರಗೊಂಡಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಾನು ಮಾಡಿದ್ದು ಬೇರೆ. ಫ್ಯಾಕ್ಟರಿಯ ಕಂಪ್ಯೂಟರಿನಲ್ಲಿ ಆ ಪತ್ರವನ್ನೇ ತೆಗೆದು ಕಲಿಸಿದವರ ಹೆಸರಿನ ಮುಂದೆ 'ವೆಂಕಟರಾಮಪ್ಪ' ಎಂದು ಬೆರಳಚ್ಚು ಮಾಡಿದೆ. ಕೆಳಗಿನ ಸಾಲು ಕಣ್ಣಿಗೆ ಬಿತ್ತು: ಕಲಿಸಿದವರು ಹತ್ತು ನಿಮಿಷ ಮಾತನಾಡಬೇಕು. 'ಬಾಚಿರ್' ಅನ್ನುವುದನ್ನು ಹತ್ತು ನಿಮಿಷಕ್ಕೆ ಎಳೆಯಲು ಸಾಧ್ಯವಿಲ್ಲ ಎಂದು ಅರಿವಾದ ಮೇಲೆ ನನ್ನ ಆತ್ಮಸಾಕ್ಷಿ ಎಚ್ಚರಗೊಂಡಿತು.

ಎಚ್ಚರವಾದ ಮೇಲೆ ಅದು ಮಲಗಲಿಲ್ಲ, ಅದನ್ನಾದರೂ ಹೇಳಿಕೊಳ್ಳಬೇಕು. ಭಾನುವಾರ ಒಂದು ದಿನದ ರಜೆ ಹಾಕಿ, ಪಾವಗಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದೆ. ಅಮ್ಮ ಜಗುಲಿಯಲ್ಲಿ ಬಿತ್ತನೆಗೆಂದು ಕಡಲೆಕಾಯಿ ಸುಲಿಯುತ್ತಿದ್ದಳು.

"ಏನ್ಲಾ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ? ಮೇಷ್ಟ್ರು ಚೆನ್ನಾಗವ್ರಾ?"

"ಅವ್ರು ಮೇಷ್ಟ್ರಲ್ಲ ಕಣಮ್ಮ. ಸೀರೆ ನೇಯೋರು. ನಂಗೆ ಕಲ್ಸಿದ್ದು ಅವ್ರ ಹೆಂಡ್ರು."

"ಆಯಮ್ಮ ಏನೂ ಬರಾಕಿಲ್ಲ ಅಂತು?"

"ನನ್ ಮಾನ ಉಳ್ಸಾಕೆ ಅಂದ್ರು. ಒಂಬತ್ತು ವರ್ಷ ಕುವೈತ್‌ನಾಗಿದ್ರು. ಮನೆಗೆಲ್ಸಕ್ಕೆ."

ಅಮ್ಮನ ಬೆರಳು ನಿಂತಿತು. ಅವಳು ಕೇಳಿದ್ದು, "ಈ ಇಸ್ಯ ಇಲ್ಲಿ ಯಾರಿಗಾರ ಗೊತ್ತಾ?" ಎಂದು.

"ಇಲ್ಲ."

"ಹೇಳ್ಬೇಡ."

ನನಗೆ ಸಿಟ್ಟು ಬಂತು. ಬಂದ ತಕ್ಷಣ ಅದಕ್ಕೆ ನಿಲ್ಲಲು ಜಾಗ ಸಿಗಲಿಲ್ಲ. ಇಷ್ಟು ತಿಂಗಳು ನಾನು ಮಾಡಿದ್ದೂ ಅದನ್ನೇ. ನಾನೂ ಕೂತು ಕಾಯಿ ಸುಲಿದೆ. ಮೊರ ಅರ್ಧ ತುಂಬಿದಾಗ ಅಮ್ಮ, ನನಗಲ್ಲ, ಕಾಯಿಗೆ ಹೇಳುವ ಹಾಗೆ ಹೇಳಿದಳು.

"ಕೃಷ್ಣವೇಣಿ ಬಂದಾಗ ಎಲ್ಲಾರಿಗಿಂತ ಜಾಸ್ತಿ ಅಂದಿದ್ದು ನಾನೇ ಅಲ್ವೇನ್ಲಾ?"

"ಹೂಂ. ನಾನು ನಕ್ಕಿದ್ದೆ."

"ನಿಂಗೆ ಕಲ್ಸಿದ ಆಯಮ್ಮ ನನ್ ಕಾಲು ಮುಟ್ತಲ್ಲೋ. ನಾನು ಮುಟ್ಟಿಸ್ಕಂಡು ನಿಂತಿದ್ನಲ್ಲೋ."

"ಬಾರಮ್ಮ, ಒಂದ್ಸಲ ಬಂದು ಮಾತಾಡ್ಸು."

"ಯಾವ್ ಮಕ ಇಟ್ಕಂಡು ಬರ್ಲಿ? ನೀನ್ ಹೋಗು" ಅಂದಳು. ಆಮೇಲೆ ಆ ವಿಷಯ ಎತ್ತಲಿಲ್ಲ, ಮುದ್ದೆಗೆ ಎಸರಿಡಲು ಒಳಗೆ ಹೋದಳು. ಅಮ್ಮ ಓಡಿಬಂದು ಅಕ್ಕನ ಕೈ ಹಿಡಿದು ಅಳುವ ಒಂದು ದೃಶ್ಯವನ್ನು ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆ. ವಾಪಸು ಬರುವಾಗ ಬರಿಗೈ.

ಸಂಜೆ ಅಕ್ಕನಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. 'ಹೇಳ್ಬೇಡ' ಅಂದದ್ದನ್ನೂ ಹೇಳಿದೆ. ಅದನ್ನು ನುಂಗಲು ನಾಲಗೆ ಎರಡು ಸಲ ಪ್ರಯತ್ನಪಟ್ಟಿತು.

"ಬರಾಕಿಲ್ಲ ಅಂದ್ರಾ?" ಎಂದು ಅಕ್ಕ ಕೇಳಿದರು.

"ಹೂಂ."

"ಬರೋದೇನೂ ಬ್ಯಾಡ ಬಿಡು." ಸೆರಗಿಗೆ ಕೈ ಒರೆಸಿಕೊಂಡು, "ಎಲ್ಲೈತೆ ಆ ಕಾಗ್ದ?" ಅಂದರು. ನಾನು ಮತ್ತೆ ಅವರ ಹೆಸರನ್ನೇ ಹಾಕಿ ಹೊಸದಾಗಿ ತಂದಿದ್ದ ಪತ್ರವನ್ನು ಅವರು ಮೇಲಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರು. ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರ ಕೂಡಿಸಿ ಸಹಿಯ ಜಾಗದಲ್ಲಿ ತಮ್ಮ ಪೂರ್ತಿ ಹೆಸರು ಬರೆದರು. ಪಕ್ಕದಲ್ಲಿ ನಿಂತಿದ್ದ ಬನಶ್ರೀ ಮೂರು ದಿನದ ಮೇಲೆ ನನ್ನ ಜೊತೆ ಮಾತನಾಡಿದಳು. "ಒಂದು ಝೆರಾಕ್ಸ್ ನಮಗೆ ಬೇಕು."

ಸೀಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಿಕ್ಕಿದೆ, ಜೂನ್‌ನಲ್ಲಿ ಹೊರಡಬೇಕು. ಆದರೆ ಆ ವಿಡಿಯೋ ಕರೆಯ ದಿನ ಸೀಟು ಸಿಗುತ್ತದೆಂದು ನನಗೆ ನಂಬಿಕೆ ಇರಲಿಲ್ಲ.

ಮಾರ್ಚ್ ಮೊದಲ ವಾರದಲ್ಲಿ ಕರೆ ಬಂತು. ಮಗ್ಗ ನಿಲ್ಲಿಸಿ, ನನ್ನ ಫೋನನ್ನು ನೂಲಿನ ಡಬ್ಬಿಗೆ ಒರಗಿಸಿ ಇಟ್ಟಿದ್ದೆವು. ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟು ಚಾಪೆಯ ಮೇಲೆ ಕೂತಿದ್ದರು. ಪರದೆಯ ಮೇಲೆ ಓಮನ್ ಶಾಲೆಯ ಒಬ್ಬ ಮೇಡಂ, ನಡುವಯಸ್ಸಿನವರು. ಅವರು ಮೊದಲು, ಅರಬ್ಬಿಯನ್ನು ಎಲ್ಲಿ ಕಲಿತಿರಿ, ಎಂದು ಕೇಳಿದರು. ಕುವೈತಿನಲ್ಲಿ, ಒಂದು ಮನೆಯ ಅಡುಗೆಮನೆಯಲ್ಲಿ, ಎಂದರು ಅಕ್ಕ. ಮೇಡಂ ನಗಲಿಲ್ಲ. ಏನೇನು ಓದಿದಿರಿ, ಎಂದರು. ಆ ಮನೆಯ ಮಗಳ ನಾಲ್ಕನೆಯ ತರಗತಿಯವರೆಗಿನ ಪುಸ್ತಕಗಳನ್ನು ಅಕ್ಕ ಒಂದೊಂದಾಗಿ ಹೇಳಿದರು. ಕೊನೆಗೆ ಮೇಡಂ, ಹುಡುಗ ಹೇಗೆ, ಅವನ ಕೊರತೆ ಏನು, ಎಂದು ಕೇಳಿದರು.

ಅಕ್ಕ ಉತ್ತರ ಕೊಟ್ಟರು. ಅವರು ಹೇಳಿದ್ದರಲ್ಲಿ ನನಗೆ ಅರ್ಥವಾಗದ ಪದ ಒಂದೂ ಇರಲಿಲ್ಲ. ಭಾಷೆ ಪೂರ್ತಿ ಬಂದಿದೆ ಎಂದು ನನಗೆ ಖಾತ್ರಿಯಾದದ್ದು ಆ ಗಳಿಗೆಯಲ್ಲಿ, ಅದರ ಸಂತೋಷವನ್ನು ಅನುಭವಿಸಲು ಆಗಲಿಲ್ಲ. ಮೇಡಂ ಏನನ್ನೋ ಬರೆದುಕೊಳ್ಳಲು ತಲೆ ಬಗ್ಗಿಸಿದರು.

"ಏನಂತೆ?" ಎಂದು ವೆಂಕಟರಾಮಪ್ಪ ಮಗ್ಗದ ಪಕ್ಕದಿಂದ ಪಿಸುಗುಟ್ಟಿದರು. ಬನಶ್ರೀಯೂ ನನ್ನ ಕಡೆ ನೋಡಿದಳು. ಮನೆಯಲ್ಲಿ ಅರಬ್ಬಿಯಿಂದ ಕನ್ನಡಕ್ಕೆ ಹೇಳಬಲ್ಲವನು, ಅಕ್ಕನನ್ನು ಬಿಟ್ಟರೆ, ನಾನೊಬ್ಬನೇ.

"ಚೆನ್ನಾಗಿ ಓದ್ತಾನೆ, ಹೇಳಿದ ಕೆಲ್ಸ ಮಾಡ್ತಾನೆ ಅಂದ್ರು. ಸ್ವಲ್ಪ ಸಂಕೋಚದ ಹುಡುಗ ಅಂದ್ರು."

ಅಕ್ಕ ನನ್ನನ್ನು ನೋಡದೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. "ನಾನು ಹಂಗಾ ಅಂದಿದ್ದು, ಮೋಹನಾ? ಸರ್ಯಾಗಿ ಹೇಳು."

ಪದಕ್ಕೆ ಪದ ಹೇಳಿದೆ. "ಓದ್ತಾನೆ. ಕೆಲ್ಸ ಮಾಡ್ತಾನೆ. ಆದ್ರೆ ನಾಲ್ಕು ಜನದ ಮುಂದೆ ಮಾನ ಹೋಗುತ್ತೆ ಅನ್ಸಿದ್ರೆ ಸುಳ್ಳು ಹೇಳ್ತಾನೆ. ನಾನು ಕಲ್ಸಿದ್ದನ್ನ ಮುಚ್ಚಿಟ್ಟು ನನ್ ಗಂಡನ್ನ ತೋರ್ಸಿದ್ದ. ಆಮ್ಯಾಕೆ ತಾನೇ ಹೋಗಿ ತಾಯಿಗೆ ನಿಜ ಹೇಳಿ ಬಂದ. ಅಲ್ಲಿ ನೀವು ಇವನನ್ನ ಎಲ್ಲಾರ ಮುಂದೆ ನಿಲ್ಲಿಸಿ ಮಾತಾಡ್ಸಿ. ಬಿಡಬ್ಯಾಡಿ. ಅಂದ್ರು."

ಅಷ್ಟು ಹೊತ್ತೂ ಅಕ್ಕ ಮುಖವನ್ನು ಗೋಡೆಯ ಕಡೆ ಇಟ್ಟು, ಕಿವಿಯೊಂದನ್ನೇ ನನ್ನ ಕಡೆ ಕೊಟ್ಟು ಕೇಳಿದರು.

"ಹೂಂ. ಯಾವ್ದೂ ಬಿಟ್ಟಿಲ್ಲ" ಎಂದು ಹೇಳಿ, ಪರದೆಯ ಕಡೆ ತಿರುಗಿ ಮೇಡಂ ಜೊತೆ ಮಾತು ಮುಂದುವರಿಸಿದರು.